ನೆಲದ ಮೇಲೆ ಕೂರಬಾರದಂತೆ

ನಮ್ಮವ್ವನನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ ಒಂದು ಕಾಗದ ಕೊಟ್ಟರು. ಕನ್ನಡದಲ್ಲೇ ಅಚ್ಚಾಗಿದ್ದ ಕಾಗದ. ಆರು ಸಾಲು. ನೆಲದ ಮೇಲೆ ಕೂರಬಾರದು. ಕುಕ್ಕರುಗಾಲಲ್ಲಿ ಕೂರಬಾರದು. ಚಕ್ಕಳಮಕ್ಕಳ ಹಾಕಬಾರದು. ಕಾಲ ಮೇಲೆ ಕಾಲು ಹಾಕಬಾರದು. ಬಗ್ಗಿ ನೆಲದಿಂದ ಏನನ್ನೂ ಎತ್ತಬಾರದು. ಕುರ್ಚಿಯ ಮೇಲೇ ಕೂರಬೇಕು, ಕುರ್ಚಿಯಂಥ ಕಕ್ಕಸನ್ನೇ ಬಳಸಬೇಕು.

ಬಾಡಿಗೆ ಓಮ್ನಿಯಲ್ಲಿ ಬರುವಾಗ ನಾವು ಇದನ್ನು ಗಟ್ಟಿಯಾಗಿ ಓದಿ ಹೇಳಿದೆವು. ಅವ್ವ ಪೂರ್ತಿ ಕೇಳಿ ನಕ್ಕಳು.

'ಹಂಗಾರೆ ನಾನು ಬದುಕಾದು ಎಲ್ಲಿ ಕುಂತ್ಕಂಡು?'

ನಮ್ಮ ಬಳಿ ಉತ್ತರ ಇರಲಿಲ್ಲ. ಓಮ್ನಿಯ ಡ್ರೈವರೂ ನಕ್ಕ, ಆಮೇಲೆ ಸುಮ್ಮನಾದ. ಆ ಪ್ರಶ್ನೆಯನ್ನು ನಿಮ್ಮ ಮುಂದೆ ಇಡೋಣ ಅಂತ ಇದನ್ನು ಬರೆಯುತ್ತಿದ್ದೇವೆ.

ಗೆಳೆಯರೇ, 'ನಾನು' ಅಂತ ಬರೆಯೋಕೆ ಕೂತರೆ ಪೆನ್ನು ಮುಂದಕ್ಕೆ ಹೋಗಲ್ಲ. ಈ ಬೇನೆ ಒಬ್ಬರಿಗೆ ಬಂದು ಹೋಗೋದಲ್ಲ. ಮನೆಗೆ ಬರೋದು, ಕೇರಿಗೆ ಬರೋದು. ಅವ್ವನ ಹೊಟ್ಟೆಯಲ್ಲಿ ಹುಟ್ಟಿದವರು ನಾವು ಮೂವರು. ದೊಡ್ಡವನು ಅಡಿಕೆ ತೋಟದ ಕೂಲಿ. ನಡುವಿನವನು ನಮ್ಮ ವಂಶದಲ್ಲೇ ಮೊದಲು ಪದವಿ ಕಂಡವನು, ಒಂದಷ್ಟು ಕವಿತೆ ಬರೆದವನು, ಈ ಬರಹಕ್ಕೆ ಕೈ ಹಚ್ಚಿದವನು. ಕೊನೆಯವಳು ತಂಗಿ, ಸಾಗರಕ್ಕೆ ಬಸ್ಸಿನಲ್ಲಿ ಹೋಗಿ ಡಿಗ್ರಿ ಓದುತ್ತಿದ್ದಾಳೆ. ಕೈ ಒಬ್ಬನದಾದರೂ ಮಾತು ಮೂವರದು.

ಸಾಗರ ತಾಲೂಕಿನ ಹಂದಿಗೋಡು ಎಂಬ ಊರಿನ ಹೆಸರು ವೈದ್ಯರ ಪುಸ್ತಕದಲ್ಲಿ ಸೇರಿಹೋಗಿದೆ. 'ಹಂದಿಗೋಡು ಕಾಯಿಲೆ' ಅಂತಲೇ ಅದಕ್ಕೆ ಹೆಸರು. 1974-75ರ ಸುಮಾರಿಗೆ ಆ ಊರಿನ ದಲಿತ ಕೇರಿಯಲ್ಲಿ ನಡೆಯಲಾರದವರ ಸಂಖ್ಯೆ ಹೊರಗಿನವರ ಕಣ್ಣಿಗೆ ಬಿತ್ತು. ಆಮೇಲೆ ಹುಡುಕುತ್ತ ಹೋದರೆ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಇನ್ನೂ ಹಲವು ಊರುಗಳಲ್ಲಿ ಅದೇ ಬೇನೆ ಸಿಕ್ಕಿತು. ಎಲ್ಲ ಕಡೆಯೂ ಚನ್ನಂಗಿ, ಚಲವಾದಿ ಕೇರಿಗಳಲ್ಲೇ. ಅಂದರೆ ನಮ್ಮಲ್ಲೇ. ಚಿಕ್ಕ ವಯಸ್ಸಲ್ಲೇ ಸೊಂಟದಲ್ಲಿ, ಮೊಣಕಾಲಲ್ಲಿ ನೋವು ಶುರುವಾಗುತ್ತದೆ. ಕೆಲವರು ಬೆಳೆಯೋದೇ ಇಲ್ಲ, ಗಿಡ್ಡಗೇ ಉಳಿಯುತ್ತಾರೆ. ಕೆಲವರು ನಡುವಯಸ್ಸಿಗೆ ಮುಂದಕ್ಕೆ ಬಾಗಿ, ತೊಡೆ ಮೇಲೆ ಕೈ ಊರಿ ನಡೆಯುತ್ತಾರೆ. ಕೆಲವರು ಕುಂತಲ್ಲೇ ತೆವಳುತ್ತಾರೆ.

ಸೊಂಟದ ಕೀಲು ಹೇಗಿರುತ್ತೆ ಅಂತ ನಮಗೆ ಅರ್ಥವಾದದ್ದು ಅವ್ವನ ಎಕ್ಸರೇ ನೋಡಿದ ಮೇಲೆ. ಒರಳು, ಗುಂಡುಕಲ್ಲು ಇದ್ದ ಹಾಗೆ. ತೊಡೆಮೂಳೆಯ ತುದಿಯಲ್ಲಿ ಒಂದು ಗುಂಡು. ಸೊಂಟದ ಮೂಳೆಯಲ್ಲಿ ಅದು ಕೂರೋ ಬಟ್ಟಲು. ಎರಡರ ಮೇಲೂ ನುಣ್ಣನೆಯ ಮೃದ್ವಸ್ಥಿಯ ಹೊದಿಕೆ. ಹೊದಿಕೆ ಇರೋವರೆಗೆ ಗುಂಡು ಸದ್ದಿಲ್ಲದೆ ತಿರುಗುತ್ತದೆ. ಈ ಬೇನೆಯಲ್ಲಿ ಮೂಳೆ ಬೆಳೆಯುವಾಗಲೇ ಸೊಟ್ಟ ಬೆಳೆಯುತ್ತದೆ. ಗುಂಡು ಚಪ್ಪಟೆಯಾಗುತ್ತದೆ, ಹೊದಿಕೆ ಸವೆಯುತ್ತದೆ, ಕೊನೆಗೆ ಮೂಳೆಗೆ ಮೂಳೆ ಉಜ್ಜುತ್ತದೆ. ಅಕ್ಕಿ ಹಾಕದೆ ಒರಳು ತಿರುಗಿಸಿದರೆ ಹೇಗೆ ಕಲ್ಲಿಗೆ ಕಲ್ಲು ಕರಕರ ಅನ್ನುತ್ತದೋ ಹಾಗೆ. ಅವ್ವನ ಎಡಗಡೆ ಗುಂಡು ಅನ್ನೋದೇ ಇರಲಿಲ್ಲ. ಮಳೆಗೆ ಕರಗಿದ ಬೆಲ್ಲದುಂಡೆಯ ಹಾಗೆ ಏನೋ ಒಂದಿತ್ತು.

ಈ ಬೇನೆ ನಮ್ಮ ಮನೆಗೆ ಬಂದದ್ದು ಅವ್ವನ ಅಪ್ಪನಿಂದ. ನಮ್ಮಜ್ಜ.

1974ನೇ ಇಸವಿಯನ್ನು ಈ ನಾಡಿನವರು ಉಳುವವನೇ ಹೊಲದೊಡೆಯ ಅಂದ ವರ್ಷ ಅಂತ ನೆನೆಯುತ್ತಾರೆ. ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಆ ವರ್ಷದ ಮಾರ್ಚಿ 1ಕ್ಕೆ ಜಾರಿಗೆ ಬಂತು. 1951ರಲ್ಲಿ ಕಾಗೋಡಿನ ಗೇಣಿದಾರರು ಕೊಳಗದ ಅಳತೆಯ ಮೋಸ ಕೇಳಿ ಎದ್ದು ನಿಂತ ತಾಲೂಕು ನಮ್ಮದು. ಆ ಹೋರಾಟದ ಬಗ್ಗೆ ನಮಗೆ ಇವತ್ತಿಗೂ ಗೌರವ ಇದೆ. ಆದರೆ ಕಾಯಿದೆ ನೆಲ ಕೊಟ್ಟದ್ದು ಗೇಣಿ ಮಾಡುತ್ತಿದ್ದವರಿಗೆ. ನಮ್ಮಜ್ಜ ಗೇಣಿದಾರನಲ್ಲ. ಗೇಣಿದಾರನ ಗದ್ದೆಯಲ್ಲಿ ಕೂಲಿ. ಅವನ ಪಾಲಿಗೆ ಒಡೆಯ ಬದಲಾದ, ಅಷ್ಟೆ. ಊರಿಗೆಲ್ಲ ನೆಲ ಬಂತು ಅಂದ ಕಾಲದಲ್ಲಿ ನಮ್ಮ ಕೇರಿಗೆ ಡಾಕ್ಟರುಗಳು ಬಂದರು.

ಅವರು ಕೆಟ್ಟವರಲ್ಲ. ದೂರದಿಂದ, ರಸ್ತೆ ಇಲ್ಲದ ಕಡೆ, ಜಿಗಣೆ ಕಚ್ಚಿಸಿಕೊಂಡು ಬಂದವರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಪರೀಕ್ಷೆ ಮಾಡಿ ಬರೆದದ್ದು 1977ರಲ್ಲಿ ವೈದ್ಯರ ಪತ್ರಿಕೆಯಲ್ಲಿ ಬಂತು. ಮಲೆನಾಡಿನ ಕುಟುಂಬಗಳಲ್ಲಿ ಬರುವ ಸಂಧಿವಾತ ಅಂತ ಕರೆದರು. ಆ ದಿನಗಳಲ್ಲಿ ಎಲ್ಲರ ಬಾಯಲ್ಲಿದ್ದ ಮಾತು ಏಡಿ. ಗದ್ದೆಗೆ ಕೀಟನಾಶಕ ಹೊಡೀತಾರೆ, ಗದ್ದೆ ಬದುವಿನ ಏಡಿಗೆ ಆ ವಿಷ ಇಳಿಯುತ್ತೆ, ಆ ಏಡಿ ತಿಂದೋರಿಗೆ ಕೀಲು ಹಿಡಿಯುತ್ತೆ ಅನ್ನೋ ಅನುಮಾನ. ಅನುಮಾನ ಪಡೋದು ವಿಜ್ಞಾನದ ಕೆಲಸ, ಅದನ್ನು ತಪ್ಪು ಅನ್ನಲ್ಲ. ಆದರೆ ಊರಿನವರ ಬಾಯಿಗೆ ಬಂದಾಗ ಅದು ಬೇರೆಯೇ ಆಯಿತು. 'ಏನೇನೋ ತಿಂತಾವೆ, ಬರ್ದೇ ಇರ್ತದಾ?' ಅಂದರು. ಅಜ್ಜ ಏಡಿ ಬಿಟ್ಟ. ಮೂರು ಮಳೆಗಾಲ ಏಡಿ ಮುಟ್ಟಲಿಲ್ಲ. ನಮ್ಮಂಥವರಿಗೆ ಮಳೆಗಾಲದಲ್ಲಿ ಸಿಗೋ ಮಾಂಸ ಅಂದರೆ ಅದೊಂದೇ. ಏಡಿ ಬಿಟ್ಟರೂ ಬೇನೆ ಬಿಡಲಿಲ್ಲ. ನಾಲ್ಕನೇ ಮಳೆಗಾಲಕ್ಕೆ ಅಜ್ಜ ತೆವಳಿಕೊಂಡೇ ಹೋಗಿ ಏಡಿ ಹಿಡಿದು ತಂದನಂತೆ. ಅಜ್ಜಿ ಸಾರು ಮಾಡಿದಳಂತೆ. ಅದನ್ನು ಹೇಳುವಾಗ ಅವ್ವನ ಬಾಯಲ್ಲಿ ಈಗಲೂ ನೀರು ಬರುತ್ತದೆ.

ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಕಡೆಯವರು ಬಂದರು. ಮನೆಮನೆಯ ವಂಶವೃಕ್ಷ ಬರೆದರು, ರಕ್ತ ತೆಗೆದರು, ಎಕ್ಸರೇ ಹಿಡಿದರು. ಇದು ಏಡಿಯಿಂದ ಬಂದದ್ದಲ್ಲ, ವಂಶವಾಹಿಯಿಂದ ಬಂದದ್ದು ಅಂತ ತೀರ್ಮಾನಕ್ಕೆ ಬಂದರು. ಮೂಳೆಯ ಬೆಳವಣಿಗೆಯಲ್ಲೇ ಆಗುವ ದೋಷ, ಇದುವರೆಗೆ ಗೊತ್ತಿಲ್ಲದ ಹೊಸ ಬಗೆ ಅಂತ 1994ರಲ್ಲಿ ಹೊರದೇಶದ ಪತ್ರಿಕೆಯಲ್ಲಿ ಬರೆದರು. ತಾಯಿಗೋ ತಂದೆಗೋ ಒಬ್ಬರಿಗಿದ್ದರೆ ಸಾಕು, ಹುಟ್ಟುವ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಈ ಅರ್ಧದ ಲೆಕ್ಕ ನಮಗೆ ಎಸ್ಸೆಸ್ಸೆಲ್ಸಿಯ ಯಾವ ಲೆಕ್ಕಕ್ಕಿಂತಲೂ ಚೆನ್ನಾಗಿ ಬರುತ್ತದೆ.

ಅಜ್ಜನನ್ನೂ ಗೋಡೆಗೆ ನಿಲ್ಲಿಸಿ, ಪಕ್ಕದಲ್ಲಿ ಅಳತೆಕೋಲು ಹಿಡಿದು, ಫೋಟೋ ತೆಗೆದರಂತೆ. ಅಜ್ಜ ಸತ್ತದ್ದು 1998ರಲ್ಲಿ. ಅವನ ಜೀವಮಾನದಲ್ಲಿ ತೆಗೆದ ಫೋಟೋ ಅದೊಂದೇ. ಅದು ನಮ್ಮ ಹತ್ತಿರ ಇಲ್ಲ.

ವಂಶವಾಹಿ ಅಂದ ಕೂಡಲೇ ಊರಿನವರಿಗೆ ಏಡಿಯ ಬದಲು ಇನ್ನೊಂದು ಸಿಕ್ಕಿತು. 'ಸಂಬಂಧದೊಳಗೇ ಮದುವೆ ಆಗ್ತಾರೆ, ಅದ್ಕೇ' ಅಂದರು. ಇದನ್ನು ನಮ್ಮ ಕಾಲೇಜಿನ ಮೇಷ್ಟ್ರೊಬ್ಬರು ತರಗತಿಯಲ್ಲೇ ಹೇಳಿದ್ದುಂಟು. ಒಬ್ಬರಿಂದಲೇ ಬರುವ ಬೇನೆಗೆ ಸೋದರಮಾವನನ್ನೇ ಮದುವೆಯಾಗಬೇಕೆಂದಿಲ್ಲ ಅಂತ ಆವತ್ತು ನಮಗೆ ಎದ್ದು ಹೇಳೋಕೆ ಗೊತ್ತಿರಲಿಲ್ಲ. ನಮ್ಮಪ್ಪ ಅವ್ವನಿಗೆ ಸಂಬಂಧವೇ ಅಲ್ಲ, ಹೊಸನಗರ ಕಡೆಯವನು. ಈಗ ಗೊತ್ತಿದೆ, ಹೇಳುತ್ತೇವೆ. ಇನ್ನೂ ಒಂದು ಹೇಳುತ್ತೇವೆ. ಈ ಬೇನೆ ಇಷ್ಟು ತಲೆಮಾರು ಕಳೆದರೂ ನಮ್ಮ ಕೇರಿಗಳ ಬೇಲಿ ದಾಟಿ ಹೊರಗೆ ಹೋಗಲಿಲ್ಲ ಯಾಕೆ? ಜಾತಿಯ ತಿರುಳು ಇರುವುದು ಒಳಗೊಳಗೇ ಮದುವೆಯಾಗುವ ಕಟ್ಟಿನಲ್ಲಿ ಅಂತ ಬಾಬಾಸಾಹೇಬರು 1916ರಲ್ಲಿ, ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲೇ ತೋರಿಸಿಕೊಟ್ಟರು. ಆಗ ಅವರಿಗೆ 25 ವರ್ಷ, ನಮ್ಮದೇ ಪ್ರಾಯ. ಬೇಲಿ ನಾವು ಹಾಕಿದ್ದಲ್ಲ. ಬೇಲಿಯೊಳಗೆ ಇದ್ದದ್ದಕ್ಕೆ ಬೈಸಿಕೊಳ್ಳುತ್ತಿರುವವರು ಮಾತ್ರ ನಾವು.

ಇಲ್ಲಿ ಒಂದು ತಪ್ಪೊಪ್ಪಿಗೆ ಇದೆ. ಕಾಲೇಜಿನಲ್ಲಿದ್ದಾಗ ಅವ್ವನ ಬಾಗಿದ ಬೆನ್ನಿನ ಮೇಲೆ ನಾವು ಒಂದು ಕವಿತೆ ಬರೆದೆವು. ಒಡೆಯರ ಅಡಿಕೆ ಮೂಟೆ, ಮೂರು ಸಾವಿರ ವರ್ಷದ ಭಾರ, ಅದು ಇದು ಎಲ್ಲ ಅದರಲ್ಲಿತ್ತು. ಕವಿಗೋಷ್ಠಿಯಲ್ಲಿ ಓದಿದಾಗ ಚಪ್ಪಾಳೆ ಬಿತ್ತು. ಮನೆಗೆ ಬಂದು ಅವ್ವನಿಗೂ ಓದಿದೆವು. ಅವ್ವ ಅಡಿಕೆ ಸುಲಿಯೋ ಕೈ ನಿಲ್ಲಿಸದೆ ಕೇಳಿದಳು, 'ಟೊಂಕದ ಕೀಲು ನೋಯ್ತದೆ ಅಂತ ಎಲ್ಲೂ ಬರೀಲೇ ಇಲ್ವಲ್ಲ ಮಗಾ?' ಬರೆದಿರಲಿಲ್ಲ. ಬಾಗಿದ ಬೆನ್ನು ನಮಗೆ ಕವಿತೆಗೆ ಬೇಕಿತ್ತು, ಕೀಲು ಬೇಕಿರಲಿಲ್ಲ. ಬೆನ್ನು ಬಾಗಿದ್ದಕ್ಕೆ ಕಾರಣ ಮೂಳೆ, ಒಡೆಯರಲ್ಲ. ಆದರೆ ಬಾಗಿದ ಬೆನ್ನು ಮೂವತ್ತು ವರ್ಷ ಬಾಗಿಯೇ ಇದ್ದದ್ದು ಯಾಕೆ ಅನ್ನೋದಕ್ಕೆ ಮೂಳೆಯನ್ನು ಬೈಯಲು ಆಗಲ್ಲ. ಈ ಎರಡನ್ನೂ ಬಿಡಿಸಿ ಹೇಳದ ಕವಿತೆಯನ್ನು ನಾವು ಆಮೇಲೆ ಎಲ್ಲೂ ಓದಲಿಲ್ಲ.

ಒಂದು ಇಸವಿಯನ್ನು ನೆನಪಿಟ್ಟುಕೊಳ್ಳಿ. 1962. ಆ ವರ್ಷ ಇಂಗ್ಲೆಂಡಿನ ರೈಟಿಂಗ್ಟನ್ ಎಂಬಲ್ಲಿನ ಆಸ್ಪತ್ರೆಯಲ್ಲಿ ಜಾನ್ ಚಾರ್ನ್‌ಲಿ ಎಂಬ ಡಾಕ್ಟರು ಸೊಂಟದ ಕೀಲನ್ನೇ ಬದಲಿಸುವ ಆಪರೇಶನ್ನನ್ನು ಸರಿಯಾದ ಹದಕ್ಕೆ ತಂದರು. ತೊಡೆಮೂಳೆಯ ಒಳಗೆ ಉಕ್ಕಿನ ಗೂಟ, ಅದರ ತುದಿಗೆ ಸಣ್ಣ ಉಕ್ಕಿನ ಗುಂಡು, ಸೊಂಟದ ಮೂಳೆಗೆ ಗಟ್ಟಿ ಪ್ಲಾಸ್ಟಿಕ್ಕಿನ ಬಟ್ಟಲು, ಎರಡನ್ನೂ ಹಿಡಿದಿಡಲು ಸಿಮೆಂಟಿನಂಥ ಅಂಟು. ಮೊದಲು ಅವರು ಬಳಸಿದ ಟೆಫ್ಲಾನ್ ಬಟ್ಟಲು ಕೆಲವೇ ವರ್ಷಕ್ಕೆ ಸವೆದು ಕೆಟ್ಟಿತು. ಸವೆದ ಪುಡಿ ಮೈಗೆ ಏನು ಮಾಡುತ್ತೆ ಅಂತ ತಿಳಿಯೋಕೆ ಅದನ್ನು ತಮ್ಮ ತೊಡೆಗೇ ಚುಚ್ಚಿಕೊಂಡರು. ಟೆಫ್ಲಾನ್ ಬಿಟ್ಟು ಪಾಲಿಎಥಿಲೀನ್ ಪ್ಲಾಸ್ಟಿಕ್ಕಿಗೆ ಬಂದರು. ಅದು ನಿಂತಿತು. ಇವತ್ತು ಲೋಕದ ತುಂಬ ಆಗುತ್ತಿರುವುದು ಅದೇ ದಾರಿಯ ಆಪರೇಶನ್ನು.

ಅಂದರೆ, ಅಳತೆಕೋಲಿನ ಪಕ್ಕ ನಮ್ಮಜ್ಜನನ್ನು ನಿಲ್ಲಿಸುವ ಹೊತ್ತಿಗೆ ಈ ವಿದ್ಯೆ ಲೋಕಕ್ಕೆ ಬಂದು ಹತ್ತು ವರ್ಷದ ಮೇಲಾಗಿತ್ತು. ಅಜ್ಜನಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ಅವನು ಏನು ಮಾಡಬಹುದಿತ್ತು? ಅವನು ಬೀಡಿ ಅಂಗಡಿಯಲ್ಲಿ ಸಿಗುವ ನೋವಿನ ಗುಳಿಗೆ ನುಂಗಿ ಗದ್ದೆಗೆ ಇಳಿದ. ನಮ್ಮವ್ವನ ಕೀಲು ಬದಲಾದದ್ದು 2022ರ ಫೆಬ್ರವರಿಯಲ್ಲಿ. ಇಂಗ್ಲೆಂಡಿನಿಂದ ನಮ್ಮ ಕೇರಿಗೆ ಬರೋಕೆ ಆ ಗುಂಡು 60 ವರ್ಷ ತೆಗೆದುಕೊಂಡಿತು.

ಬಂದದ್ದಾದರೂ ಸುಮ್ಮನೆ ಬರಲಿಲ್ಲ. 2018ರಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಬಂತು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಇದು ಒಳ್ಳೆಯದೇ. ಆದರೆ ಕಾರ್ಡಿನಲ್ಲಿ ಅವ್ವನ ಹೆಸರು ಒಂದು ಥರ, ಆಧಾರಿನಲ್ಲಿ ಇನ್ನೊಂದು ಥರ. ಅದನ್ನು ಸರಿ ಮಾಡಿಸಲು ನಾಲ್ಕು ತಿಂಗಳು. ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕು. ಅದಕ್ಕೆ ಆರು ಸಲ ಬಸ್ಸು. ಕೀಲು ನೋಯುವವರಿಗೆ ಬಸ್ಸಿನ ಮೆಟ್ಟಿಲು ಎಂದರೆ ಏನು ಅಂತ ಆ ಮೇಜಿನ ಆಚೆ ಕೂತವರಿಗೆ ಗೊತ್ತಾಗಲ್ಲ. ಕೊನೆಗೆ ಸೇರಿಸಿದ ಆಸ್ಪತ್ರೆಯಲ್ಲಿ, ಯೋಜನೆಯಲ್ಲಿ ಬರೋ ಗುಂಡು ಒಂದು, ದುಡ್ಡು ಸೇರಿಸಿದರೆ ಬರೋ ಗುಂಡು ಇನ್ನೊಂದು ಅಂದರು. 'ಇನ್ನೂ ಚಿಕ್ಕ ವಯಸ್ಸು, ಒಳ್ಳೇದೇ ಹಾಕಿಸಿ' ಅಂದರು. ಅವ್ವನಿಗೆ ಆಗ 46. ಅರವತ್ತು ಸಾವಿರ ಹೆಚ್ಚಿಗೆ. ನಮ್ಮ ಮನೆಯಲ್ಲಿ ಅರವತ್ತು ಸಾವಿರ ಒಟ್ಟಿಗೆ ಕಂಡವರು ಯಾರೂ ಇಲ್ಲ.

ಓದುವುದು ಕಲಿತದ್ದು ಇಂಥ ಹೊತ್ತಿಗೆ ಉಪಯೋಗಕ್ಕೆ ಬರಬೇಕು. ಕೂತು ಓದಿದೆವು. 2017ರ ಆಗಸ್ಟಿನಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಮೊಣಕಾಲಿನ ಕೃತಕ ಕೀಲಿಗೆ ಬೆಲೆಯ ಮಿತಿ ಹಾಕಿತು. ಸರಾಸರಿ 1,58,324 ರೂಪಾಯಿಗೆ ಮಾರುತ್ತಿದ್ದ ಕೋಬಾಲ್ಟ್ ಕ್ರೋಮಿಯಂ ಕೀಲು 54,720ಕ್ಕೆ ಇಳಿಯಿತು. ಒಂದು ಕೀಲಿನ ಮೇಲೆ ಲಕ್ಷ ರೂಪಾಯಿ ಯಾರ ಜೇಬಿಗೆ ಹೋಗುತ್ತಿತ್ತು ಅಂತ ಅಂದೇ ಬಯಲಾಯಿತು. ಆದರೆ ಆ ಆದೇಶ ಮೊಣಕಾಲಿಗೆ. ಸೊಂಟದ ಕೀಲು ಅದರಲ್ಲಿ ಇರಲಿಲ್ಲ. ನಮ್ಮ ಕೇರಿಗೆ ಬಂದ ಬೇನೆ ಸೊಂಟದ್ದು.

ದುಡ್ಡು ಸೇರಿಸುವ ಗುಂಡು ಬೇಡ, ಯೋಜನೆಯದೇ ಹಾಕಿ ಅಂದೆವು. ಅದು ಸರಿಯೋ ತಪ್ಪೋ ಎಂಬ ಹುಳ ಇವತ್ತಿಗೂ ನಮ್ಮ ತಲೆಯಲ್ಲಿದೆ. ಆಪರೇಶನ್ ಮಾಡಿದ ಡಾಕ್ಟರು ಒಳ್ಳೆಯವರು. ಯೋಜನೆಯ ಗುಂಡೂ ಗುಂಡೇ, ಹೆದರಬೇಡಿ ಅಂದರು. ಎರಡು ಬಾಟ್ಲಿ ರಕ್ತಕ್ಕೆ ಜನ ಕರೆತನ್ನಿ ಅಂತ ಹೇಳಿದಾಗ ಮಾತ್ರ ದೊಡ್ಡವನಿಗೆ ನಗು ಬಂತು. ನಮ್ಮ ಕೇರಿಯಿಂದ ಎಷ್ಟು ಶೀಷೆ ರಕ್ತ ಹೋಗಿಲ್ಲ! ಪರೀಕ್ಷೆಗೆ ತೆಗೆಯೋ ರಕ್ತ ಬೇರೆ, ಮೈಗೆ ಏರಿಸೋ ರಕ್ತ ಬೇರೆ ಅಂತ ನಮಗೆ ಗೊತ್ತು. ಗೊತ್ತಿದ್ದರೂ ನಗು ಬಂತು.

ಬೆನ್ನಿಗೆ ಚುಚ್ಚಿ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದರು. ಅವ್ವನಿಗೆ ಎಚ್ಚರ ಇತ್ತು. 'ಬಡಗಿ ಮನೇಲಿ ಮಲಗಿದಂಗೆ ಇತ್ತು ಕಣ್ರೋ. ಸುತ್ತಿಗೇಲಿ ಹೊಡೀತಾರೆ, ಉಜ್ಜುತಾರೆ, ಮೈಯೆಲ್ಲ ಅಲ್ಲಾಡ್ತದೆ, ನೋವಿಲ್ಲ' ಅಂದಳು. ಮಾರನೇ ದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ಅವ್ವ ನಿಂತಳು. ನಾವು ಮೂವರೂ ಮಂಚದ ಪಕ್ಕ ಇದ್ದೆವು. ಅವ್ವ ಇಷ್ಟೆತ್ತರ ಇದ್ದಾಳೆ ಅಂತ ನಮಗೆ ಗೊತ್ತೇ ಇರಲಿಲ್ಲ. ತಂಗಿ ಹೊರಗೆ ಹೋಗಿ ಅತ್ತಳು.

ಇನ್ನು ಮನೆ. ನಮ್ಮ ಮನೆಯಲ್ಲಿ ಬದುಕು ನಡೆಯುವುದೇ ನೆಲದ ಮೇಲೆ. ಒಲೆ ನೆಲದಲ್ಲಿ. ಊಟ ನೆಲದಲ್ಲಿ. ಮಲಗೋದು ಚಾಪೆಯಲ್ಲಿ. ಪಂಚಾಯ್ತಿ ಅನುದಾನದಲ್ಲಿ ಕಟ್ಟಿಸಿದ ಕಕ್ಕಸು ಕುಕ್ಕರುಗಾಲಲ್ಲಿ ಕೂರೋದು. ಅವ್ವನ ಕೆಲಸವೂ ನೆಲದ್ದೇ. ಸಸಿ ಕೀಳೋದು, ನಟ್ಟಿ ಮಾಡೋದು ಬಗ್ಗಿ. ಅಡಿಕೆ ಸುಲಿಯೋದು ಮೆಟ್ಟುಗತ್ತಿಯ ಹಲಗೆ ಮೇಲೆ ಕಾಲು ಮಡಚಿ, ರಾತ್ರಿ ಹನ್ನೊಂದರವರೆಗೆ. ದರಗು ಗುಡಿಸೋದು ಬಗ್ಗಿ. ಆ ಕೀಲನ್ನು ಕಂಡುಹಿಡಿದ ದೇಶದ ಜನ ಕುರ್ಚಿಯಲ್ಲಿ ಕೂತು ತಿನ್ನೋರು, ಮಂಚದಲ್ಲಿ ಮಲಗೋರು. ಆ ಗುಂಡು ಆ ಬಟ್ಟಲಿನಿಂದ ಜಾರದೆ ಇರಬೇಕಾದರೆ ತೊಡೆ ಹೊಟ್ಟೆಗೆ ತಾಗುವಷ್ಟು ಮಡಚಬಾರದು. ನಮ್ಮ ಬದುಕಿನ ಒಂದೊಂದು ಕೆಲಸವೂ ತೊಡೆಯನ್ನು ಹೊಟ್ಟೆಗೆ ತಾಗಿಸುವಂಥದ್ದು.

ದೊಡ್ಡವನು ಕೆಂಪುಕಲ್ಲು ತಂದು ಒಲೆಯನ್ನು ಸೊಂಟದೆತ್ತರಕ್ಕೆ ಏರಿಸಿದ. ಪ್ಲಾಸ್ಟಿಕ್ ಕುರ್ಚಿಯ ನಡುವೆ ಕಾದ ಕಬ್ಬಿಣದಲ್ಲಿ ದುಂಡಗೆ ತೂತು ಕೊರೆದು ಕಕ್ಕಸಿನ ಗುಂಡಿಯ ಮೇಲೆ ಇಟ್ಟ. ಅದಕ್ಕೆ ಖರ್ಚಾದದ್ದು ನಾನ್ನೂರು ರೂಪಾಯಿ. ಲಕ್ಷಗಟ್ಟಲೆಯ ಯೋಜನೆಯಲ್ಲಿ ಈ ನಾನ್ನೂರರ ಲೆಕ್ಕ ಎಲ್ಲೂ ಇಲ್ಲ.

ಎರಡು ತಿಂಗಳಾದ ಮೇಲೆ ಒಡೇರ ಮನೆಯಿಂದ ಹೇಳಿ ಕಳಿಸಿದರು. ಹೋದ ಸುಗ್ಗಿಯ ಅಡಿಕೆ ಸುಲಿದ ಬಾಕಿ ಕೂಲಿ ಇತ್ತು. ಅವ್ವ ಕೋಲು ಊರಿಕೊಂಡು ಹೋದಳು, ನಾವೂ ಹೋದೆವು. ಅವ್ವ ಯಾವಾಗಲೂ ಕೂರುತ್ತಿದ್ದದ್ದು ಅಂಗಳದಲ್ಲಿ, ಜಗಲಿಯ ಕೆಳಗೆ, ನೆಲದ ಮೇಲೆ. ಆವತ್ತು ನಿಂತೇ ಇದ್ದಳು.

'ಕೂತ್ಕೋ' ಅಂದರು ಜಗಲಿಯಲ್ಲಿದ್ದ ಅಮ್ಮನವರು.

'ನೆಲದ ಮೇಲೆ ಕೂರಬಾರ್ದಂತೆ ಅಮ್ಮೋರೇ. ಡಾಕ್ಟರು ಹೇಳವ್ರೆ.'

ಅಮ್ಮನವರು ಜಗಲಿ ನೋಡಿದರು, ಅಂಗಳ ನೋಡಿದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅವ್ವನ ದನಿಯಲ್ಲಿ ಸೆಡ್ಡು ಇರಲಿಲ್ಲ, ಸವಾಲು ಇರಲಿಲ್ಲ. ಡಾಕ್ಟರು ಹೇಳಿದ್ದನ್ನು ಹೇಳಿದಳು. ಕೊನೆಗೆ ಮೊಮ್ಮಗ ಒಳಗಿಂದ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದು ಅಂಗಳದಲ್ಲಿಟ್ಟ. ಅವ್ವ ಕೂತಳು. ಆ ಅಂಗಳದಲ್ಲಿ ನಮ್ಮ ಪೈಕಿ ಒಬ್ಬರು ಕುರ್ಚಿಯ ಮೇಲೆ ಕೂತದ್ದನ್ನು ನಾವು ಕಂಡದ್ದು ಅದೇ ಮೊದಲು.

ಮುಂದಿನ ಸಲ ಹೋದಾಗಲೂ ಕುರ್ಚಿ ಬಂತು. ಅದೇ ಕೆಂಪು ಕುರ್ಚಿ. ಆದರೆ ಒಳಗಿಂದ ಬರಲಿಲ್ಲ, ಕೊಟ್ಟಿಗೆಯಿಂದ ಬಂತು. ಅದರ ಕಾಲಿಗೆ ಸಗಣಿ ಮೆತ್ತಿತ್ತು. ಹಿಂದೆ ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟಂತೆ ಈಗ ಬೇರೆ ಕುರ್ಚಿ. ನಮಗೆ ಮೈ ಉರಿಯಿತು. ದಾರಿಯಲ್ಲಿ ಕೂಗಾಡಿದೆವು. ಇನ್ನು ಮೇಲೆ ಆ ಮನೆಗೆ ಕಾಲಿಡಬೇಡ ಅಂದೆವು. ಅವ್ವ ಅರ್ಧ ದಾರಿ ಸುಮ್ಮನಿದ್ದು ಆಮೇಲೆ ಅಂದಳು, 'ನಿಮ್ ಸಿಟ್ಟು ನಿಮ್ಗಿರ್ಲಿ. ನಂಗೆ ಕೀಲು ಜಾರಿದ್ರೆ ತಿರುಗಾ ಕುಯ್ಯಾಕೆ ನೀವು ದುಡ್ಡು ತತ್ತೀರಾ? ಮೊದ್ಲು ಕೂರಾಕೆ ಸಿಗ್ಲಿ. ಯಾವ ಕುರ್ಚಿ ಅಂತ ಆಮೇಲೆ ಕೇಳಾನ.'

ಆ 'ಆಮೇಲೆ' ಅನ್ನೋದನ್ನು ಅವ್ವ ಮರೆಯಲಿಲ್ಲ. ಆ ವರ್ಷದ ಗ್ರಾಮಸಭೆ ಶಾಲೆಯ ಆವರಣದಲ್ಲಿ ನಡೆಯಿತು. ಮುಂದೆ ಕುರ್ಚಿಗಳು, ಹಿಂದೆ ಜಮಖಾನ. ನಮ್ಮ ಕೇರಿಯ ಹೆಂಗಸರು ಜಮಖಾನದಲ್ಲಿ ಕೂರುವುದು ವಾಡಿಕೆ. ಅವ್ವ ಕೋಲು ಊರಿ ನೇರ ಮುಂದೆ ಹೋಗಿ ಕುರ್ಚಿ ಎಳೆದುಕೊಂಡು ಕೂತಳು. 'ನೆಲದ ಮೇಲೆ ಕೂರಬಾರ್ದಂತೆ' ಅಂತ ಯಾರೂ ಕೇಳದಿದ್ದರೂ ಹೇಳಿದಳು. ಆಗ ಹಿಂದಿನಿಂದ ನಮ್ಮ ದೊಡ್ಡಮ್ಮ, ಅವಳಿಗೂ ಇದೇ ಬೇನೆ, ಆಪರೇಶನ್ ಆಗಿಲ್ಲ, 'ನಂಗೂ ಟೊಂಕದ ಕೀಲು ನೋಯ್ತದೆ' ಅಂತ ಎದ್ದಳು. ಆಮೇಲೆ ಇನ್ನೊಬ್ಬಳು. ಆಮೇಲೆ ಇಬ್ಬರು. ನಿಜವಾಗಿ ನೋವಿದ್ದವರೂ ಎದ್ದರು, ನೋವಿಲ್ಲದವರೂ ಒಬ್ಬಿಬ್ಬರು ಎದ್ದರು ಅಂತ ನಮಗೆ ಅನುಮಾನ. ಕುರ್ಚಿ ಸಾಕಾಗಲಿಲ್ಲ. ಕಾರ್ಯದರ್ಶಿ ತರಗತಿಯ ಬೆಂಚು ತರಿಸಿದರು.

ಆವತ್ತು ನಾವು ಬರೆದುಕೊಂಡು ಹೋಗಿದ್ದನ್ನು ಓದಿದೆವು. ಬೇನೆ ಇರುವ ಪ್ರತಿ ಮನೆಗೂ ಕುರ್ಚಿಯಂಥ ಕಕ್ಕಸು. ತಾಲೂಕು ಆಸ್ಪತ್ರೆಯಲ್ಲೇ ಶಿಫಾರಸು ಪತ್ರ, ಆರು ಸಲ ಬಸ್ಸು ಹತ್ತಿಸುವುದು ನಿಲ್ಲಲಿ. ಕೇರಿಯ ಮಕ್ಕಳಿಗೆ ವರ್ಷಕ್ಕೊಮ್ಮೆ ಎಕ್ಸರೇ. ಸೊಂಟದ ಕೀಲಿಗೂ ಬೆಲೆಯ ಮಿತಿ ಹಾಕಿ ಅಂತ ಮೇಲಕ್ಕೆ ಒಂದು ಠರಾವು. ಕಾಲು ಆಗದವರಿಗೆ ಕೂತು ಮಾಡುವ ಕೆಲಸ, ಅದಕ್ಕೆ ಪೂರ್ತಿ ಕೂಲಿ. ಎಲ್ಲವನ್ನೂ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು. ಇದುವರೆಗೆ ಆಗಿರುವುದು ಮೊದಲನೆಯದು ಮಾತ್ರ, ಅದೂ ಮೂರು ಮನೆಗೆ. ಉಳಿದದ್ದನ್ನು ಪ್ರತಿ ಸಭೆಯಲ್ಲೂ ಓದುತ್ತಿದ್ದೇವೆ. ಬೆಂಚು ಈಗ ನಾವು ಹೋಗುವ ಮೊದಲೇ ಹಾಕಿರುತ್ತಾರೆ.

ಇಷ್ಟಕ್ಕೆ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ತಂಗಿಯ ವಿಷಯ ಇದೆ.

ಹೋದ ಮಳೆಗಾಲ ಅವಳು ಬಸ್ಸಿನ ಮೆಟ್ಟಿಲನ್ನು ಪಕ್ಕಕ್ಕೆ ತಿರುಗಿ ಹತ್ತುವುದನ್ನು ದೊಡ್ಡವನು ನೋಡಿದ. ಅವ್ವ ಮೊದಲು ಹಾಗೇ ಹತ್ತುತ್ತಿದ್ದಳು. ಎಕ್ಸರೇ ತೆಗೆಸಿದೆವು. ಅರ್ಧದ ಲೆಕ್ಕದಲ್ಲಿ ನಾವಿಬ್ಬರು ಈ ಕಡೆ ಬಿದ್ದಿದ್ದೇವೆ, ಅವಳು ಆ ಕಡೆ. ಈ ಬೇನೆಯನ್ನು ನಿಲ್ಲಿಸುವ ಔಷಧಿ ಇಲ್ಲ. ಆಪರೇಶನ್ ಈಗಲೇ ಬೇಡ ಅಂದರು ಡಾಕ್ಟರು. ಹಾಕಿದ ಕೀಲೂ ಸವೆಯುತ್ತದೆ. ಸೊಂಟದ ಕೃತಕ ಕೀಲುಗಳಲ್ಲಿ 25 ವರ್ಷ ಬಾಳುವುದು ನೂರಕ್ಕೆ ಸುಮಾರು 58 ಅಂತ 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿದೆ. ಇಪ್ಪತ್ತರಲ್ಲಿ ಹಾಕಿಸಿಕೊಂಡವಳಿಗೆ ಮತ್ತೆ ಬದಲಿಸಬೇಕಾಗುತ್ತದೆ. ಎರಡನೇ ಸಲದ್ದು ಮೊದಲಿನಷ್ಟು ಸುಲಭ ಅಲ್ಲ. ಆದಷ್ಟು ವರ್ಷ ತಳ್ಳಬೇಕು. ತೂಕ ಹೊರಬಾರದು, ನೆಲದ ಕೆಲಸ ಬೇಡ, ಕೂತು ಮಾಡೋ ನೌಕರಿ ಹಿಡಿಯಬೇಕು. ಹಾಗಂತ ಹೇಳಿ ಕಳಿಸಿದರು. ಕೂತು ಮಾಡೋ ನೌಕರಿ ಎಲ್ಲಿ ಸಿಗುತ್ತೆ ಅಂತ ಅವರು ಬರೆದುಕೊಡಲಿಲ್ಲ. ತಂಗಿ ಈಗ ಪರೀಕ್ಷೆಗಳಿಗೆ ಓದುತ್ತಿದ್ದಾಳೆ. ನಮ್ಮಿಬ್ಬರಿಗಿಂತ ಗಟ್ಟಿಯಾಗಿ ಓದುತ್ತಿದ್ದಾಳೆ.

ಅವ್ವನ ಬಲಗಡೆ ಕೀಲು ಇನ್ನೂ ಬಾಕಿ ಇದೆ. ಎಡಗಡೆ ಆದದ್ದಕ್ಕೆ ಅದರ ಭಾರವೂ ಸೇರಿ ಬಲಗಡೆ ಇನ್ನೂ ಹೆಚ್ಚು ನೋಯುತ್ತದೋ ಏನೋ, ರಾತ್ರಿ ನರಳುತ್ತಾಳೆ. ಬಾ, ಅದನ್ನೂ ಮಾಡಿಸೋಣ ಅಂದರೆ ಒಪ್ಪುತ್ತಿಲ್ಲ.

'ನಂದು ಆತು. ಒಂದು ಕಾಲು ಸಾಕು. ಕಾರ್ಡಿನ ದುಡ್ಡು ಹಂಗೇ ಇಟ್ಟಿರಿ, ನಾಳೆ ಕೂಸಿಗೆ ಬೇಕಾಗ್ತದೆ.'

ಅದು ಇಟ್ಟುಕೊಳ್ಳೋ ದುಡ್ಡಲ್ಲ ಅವ್ವಾ, ಪ್ರತಿ ವರ್ಷದ್ದು ಆ ವರ್ಷಕ್ಕೇ, ಬಳಸದಿದ್ದರೆ ಮುಂದಕ್ಕೆ ಬರಲ್ಲ ಅಂತ ಹತ್ತು ಸಲ ಹೇಳಿದ್ದೇವೆ. ಅವ್ವ ನಂಬುವುದಿಲ್ಲ. ಅವಳ ಲೆಕ್ಕವೇ ಬೇರೆ. ಒಂದು ಮನೆಗೆ ಒಂದು ಸಲ ಕೊಟ್ಟವರು ಇನ್ನೊಂದು ಸಲ ಕೊಟ್ಟದ್ದನ್ನು ಅವಳು ಈವರೆಗೆ ಎಲ್ಲೂ ಕಂಡಿಲ್ಲ. ತನಗೆ ಎರಡನೇದು ಕೇಳಿದರೆ ಮಗಳ ಮೊದಲನೇದಕ್ಕೆ ಕುತ್ತು ಬರುತ್ತೆ ಅಂತ ಅವಳ ಹೆದರಿಕೆ. ಆ ಹೆದರಿಕೆಯನ್ನು ಸುಳ್ಳು ಅಂತ ಸಾಧಿಸಲು ನಮ್ಮ ಪದವಿ ಸಾಲುತ್ತಿಲ್ಲ.

ಅರ್ಜಿ ತುಂಬಿ ಇಟ್ಟಿದ್ದೇವೆ. ಏರಿಸಿದ ಒಲೆಯ ಮೇಲಿನ ಗೂಡಿನಲ್ಲಿ, ಆ ಆರು ಸಾಲಿನ ಕಾಗದದ ಜೊತೆಗೆ ಇದೆ. ಅವ್ವನ ಹೆಬ್ಬೆಟ್ಟು ಇನ್ನೂ ಬಿದ್ದಿಲ್ಲ.